ಹತ್ತಿಕೈ

“ನರ ಸಿಗ್ತಿಲ್ಲ ಅಂದ್ರೆ ನಾನೇನು ಅಂಗಡಿಯಿಂದ ತರಲಾ? ಮಗೂಗೆ ಹೊಟ್ಟೆಗೆ ಹಾಕಿದ್ರೆ ತಾನೇ ನರ ಕಾಣೋದು, ಮುಂಡೇದೆ.”

ನಾಲ್ಕನೇ ಸಲ ಚುಚ್ಚುತ್ತ ಹೊಸ ನರ್ಸು ಬೈದಳು. ಗಾರೆ ಕೆಲಸದವಳು ಮಗಳ ಭುಜ ಒತ್ತಿ ಹಿಡಿದಿದ್ದಳು. ಇಟ್ಟಿಗೆ ಹೊತ್ತ ಕೈ, ಹಿಡಿತ ಬಿಗಿ. ಆರು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್. ಮುಂಗೈ ಊದಿ ಬನ್ನಿನಂತಾಗಿತ್ತು. ಅವಳು ಕೂಗಿದ್ದು ಮಾತ್ರ ಅಮ್ಮನನ್ನಲ್ಲ, ಹತ್ತಿಕೈಯನ್ನು.

ಹತ್ತಿಕೈ ಈ ವಾರ್ಡಿನ ಹಳೆಯ ನರ್ಸು; ಹತ್ತಿಯಂಥ ಮೆತ್ತನೆ ಕೈಯೆಂದು ಮಕ್ಕಳಿಟ್ಟ ಹೆಸರು ಅದು. ಬಿಸಿ ಬಟ್ಟೆಯಿಟ್ಟು, ನರ ಸವರಿ, ಯಾವುದೋ ಗುಬ್ಬಿಯ ಸುದ್ದಿ ಹೇಳುತ್ತ ಒಂದೇ ಸಲಕ್ಕೆ ಸೂಜಿ ಇಳಿಸುತ್ತಿದ್ದಳು. ಅವಳು ಬಂದರೆ ಸಾಕು, ಹುಡುಗಿ ಅಮ್ಮನ ಮಡಿಲು ಬಿಟ್ಟು ತಾನಾಗಿ ಕೈ ಚಾಚುತ್ತಿದ್ದಳು. ಗಾರೆಯವಳ ಹೊಟ್ಟೆ ಉರಿಯುತ್ತಿತ್ತು. ಹತ್ತು ದಿನದ ಹಿಂದೆ ಹತ್ತಿಕೈಯನ್ನು ಮೇಲಿನ ಮಹಡಿಯ ಸ್ಪೆಷಲ್ ರೂಮುಗಳಿಗೆ ಹಾಕಿದಾಗ, ಪೀಡೆ ತೊಲಗಿತು, ಮಗಳು ಇನ್ನು ನನ್ನವಳು ಎಂದುಕೊಂಡಿದ್ದಳು. ಆ ಸುಖ ಮೊದಲ ಸೂಜಿಯವರೆಗೆ.

ಈಗ ಉರಿ ಮಹಡಿ ಹತ್ತಿತ್ತು. ನಿನ್ನೆ ಎಕ್ಸ್‌ರೇಗೆ ಹೋಗುವಾಗ ಗಾಜಿನ ಬಾಗಿಲಾಚೆ ಕಂಡಿದ್ದಳು. ಹತ್ತಿಕೈ ಯಾರದೋ ಮಗನ ಅಂಗೈ ಸವರುತ್ತಿದ್ದಳು. ಅವನ ತಾಯಿ ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

ಗುಮಾಸ್ತ ತಿಂಗಳ ಹಾಳೆ ತಂದ. ಆರೈಕೆ ತೃಪ್ತಿಯಾಯಿತೇ ಎಂದು ತಂದೆತಾಯಿಯನ್ನು ಕೇಳುವ ಹಾಳೆ, ಒಬ್ಬೊಬ್ಬ ನರ್ಸಿಗೂ ಒಂದೊಂದು. ಓದಲು ಬಾರದವರಿಗೆಂದು ಎರಡು ಮುಖ ಬರೆದಿತ್ತು, ನಗುವುದೊಂದು, ಅಳುವುದೊಂದು. ಸುಮ್ಮನೆ ನಗುವುದಕ್ಕೆ ಒತ್ತಿ ಮುಗಿಸಿ ಎಂದ. ಹತ್ತಿಕೈಯನ್ನು ಯಾಕೆ ಕಿತ್ತುಕೊಂಡಿರಿ ಎಂದು ಗಾರೆಯವಳು ಕೇಳಿದಳು.

“ನೀವೇ ಅಲ್ವೇನಮ್ಮ, ಹೋದ ತಿಂಗಳು ಎಲ್ರೂ ಅವಳಿಗೆ ನಗುಮುಖ ಒತ್ತಿದ್ದು? ಒಳ್ಳೇ ಕೈನ ನಿಮ್ಮಂಥೋರಿಗೆ ಬಿಡ್ತಾರಾ?”

“ಮತ್ತೆ ಈ ಹೊಸಬಳು?”

“ಮೇಲಿನ ರೂಮಿನೋರು ಅಳುಮುಖ ಒತ್ತಿದ್ರು. ಕೆಳಗೆ ಹಾಕಿದ್ರು.”

ಗಾರೆಯವಳು ಗುಮಾಸ್ತನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ಈ ತಿಂಗಳೂ ಇಪ್ಪತ್ತು ದಿನ ಹತ್ತಿಕೈ ಇಲ್ಲೇ ಇದ್ದವಳು, ಅವಳದೂ ಹಾಳೆ ಇರಬೇಕಲ್ಲ ಎಂದಳು. ಇತ್ತು. ಗುಮಾಸ್ತ ಹುಡುಕಿ ಕೊಟ್ಟ. ಅವಳು ಶಾಯಿಗೆ ಬೆರಳದ್ದಿ, ಅಳುವ ಮುಖದ ಕಣ್ಣು ಬಾಯಿ ಮುಚ್ಚಿಹೋಗುವಂತೆ ಹೆಬ್ಬೆಟ್ಟು ಒತ್ತಿದಳು.

“ಥೂ, ಉಂಡ ಮನೆ ಜಂತೆ ಎಣಿಸ್ತೀಯಲ್ಲೇ. ಅವಳ ಅನ್ನ ಹೋಗುತ್ತೆ,” ಗುಮಾಸ್ತ ರೇಗಿದ.

“ಹೋಗಲ್ಲ. ನಮ್ ಹತ್ರ ಬರ್ತಾಳೆ.”

“ಹತ್ತಿಕೈ ಕೆಟ್ಟೋಳಾ ಅಮ್ಮ?” ಮಗಳು ಕೇಳಿದಳು.

ಗಾರೆಯವಳು ಶಾಯಿಯ ಡಬ್ಬಿಯನ್ನು ಪಕ್ಕದ ಮಂಚದತ್ತ ನೂಕಿದಳು. ಅಲ್ಲಿನ ತಾಯಿ ಆಗಲೇ ಹೆಬ್ಬೆಟ್ಟು ಚಾಚಿದ್ದಳು.