ಉಪ್ಪು ಇಳಿಸಿದ ಸೊಸೆ

ನಮ್ಮ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ನಾನು ಒಲೆಯ ಮೇಲಿಟ್ಟದ್ದಕ್ಕೆಲ್ಲ ಸೌಟು ಹಾಕುತ್ತಾರೆ. ನಾವಿಬ್ಬರೂ ದುಡಿಯುವುದು ಒಂದೇ ಲ್ಯಾಬಿನಲ್ಲಿ. ಅವತ್ತು ಅಲ್ಲಿ ಪ್ರೋಟೀನು ಶುದ್ಧ ಮಾಡುವ ನನ್ನ ಯಂತ್ರಕ್ಕೇ ಕೈ ಹಾಕಿದರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

"ಕೆಳಗೆ ಏನೂ ಬರ್ತಾ ಇರ್ಲಿಲ್ಲ. ಅದಕ್ಕೆ ಉಪ್ಪು ಏರಿಸ್ದೆ ಕಣೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಜೀವಮಾನವೆಲ್ಲ ಬಳಸಿದ ಕಾಲಮ್ಮು, ಅಂದರೆ ಪ್ರೋಟೀನು ಹಿಡಿಯುವ ಮಣಿ ತುಂಬಿದ ಕೊಳವೆ, ಬೇರೆಯದೇ. ಅದರಲ್ಲಿ ಉಪ್ಪು ಏರಿಸಿದರೆ ಪ್ರೋಟೀನು ಕಳಚಿಕೊಂಡು ಕೆಳಗಿಳಿಯುತ್ತದೆ. ನಾನು ತರಿಸಿದ ಹೊಸ ಕಾಲಮ್ಮಿನ ಮಣಿಗಳಿಗೆ ನೀರೆಂದರೆ ಆಗದು. ಉಪ್ಪು ಹೆಚ್ಚಿದಷ್ಟೂ ಪ್ರೋಟೀನು ಅವಕ್ಕೆ ಬಿಗಿಯಾಗಿ ಅಂಟುತ್ತದೆ, ಇಳಿಸಿದರೆ ಮಾತ್ರ ಬಿಡುತ್ತದೆ. ನೂರು ಸಲ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

ಒಳಗೆ ಅಂಟಿದ್ದ ಪ್ರೋಟೀನು ಅತ್ತೆಯೇ ಕಂಡುಹಿಡಿದ ಕಿಣ್ವ, ಹಾಲಿನ ಸಕ್ಕರೆಯನ್ನು ಒಡೆಯುವಂಥದ್ದು. ಫ್ರಿಜ್ ಕೆಟ್ಟು, ಅದನ್ನು ತಯಾರಿಸುವ ಸೂಕ್ಷ್ಮಾಣುಗಳೆಲ್ಲ ಸತ್ತಿದ್ದವು. ಉಳಿದದ್ದು ಇಷ್ಟೇ. ಶುದ್ಧ ಮಾಡಿದರೆ ಅದರ ರಚನೆ ತಿಳಿದು ಮತ್ತೆ ತಯಾರಿಸಬಹುದು. ಇಲ್ಲದಿದ್ದರೆ ಅವರ ದುಡಿಮೆಯೆಲ್ಲ ಮಣ್ಣುಪಾಲು.

"ಹೋಯ್ತು ಬಿಡೇ. ನನ್ನ ಕೈಯಾರೆ ನಾನೇ ಹಾಳು ಮಾಡ್ಕೊಂಡೆ." ಅತ್ತೆ ಸ್ಟೂಲಿನ ಮೇಲೆ ಕುಸಿದರು.

ಅವರ ಕಣ್ಣಲ್ಲಿ ನೀರು ಕಂಡು ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಕೆಲಸಕ್ಕೆ ಬೇಕಿತ್ತು.

"ಎಲ್ಲಿಗೂ ಹೋಗಿಲ್ಲ ಅತ್ತೆ. ಇನ್ನೂ ಗಟ್ಟಿಯಾಗಿ ಅಂಟ್ಕೊಂಡಿದೆ, ಅಷ್ಟೇ. ಬಿಡಿಸ್ತೀನಿ. ನೀವು ಕೈ ಕಟ್ಕೊಂಡು ಕೂತ್ಕೊಳ್ಳಿ."

ಪಂಪಿನ ವೇಗ ತಗ್ಗಿಸಿ, ಉಪ್ಪನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಮೊದಲು ಬೇಡದ ಪ್ರೋಟೀನುಗಳು ಹೊರಬಂದವು. ಆಮೇಲೆ, ಪ್ರೋಟೀನು ಬಂದಾಗ ಏಳುವ ಪರದೆಯ ಮೇಲಿನ ಗೆರೆ ನೆಲ ಕಚ್ಚಿತು. ಉಪ್ಪು ಅರ್ಧಕ್ಕಿಳಿಯಿತು, ಕಾಲುಭಾಗಕ್ಕಿಳಿಯಿತು, ಗೆರೆ ಅಲುಗಲಿಲ್ಲ. ಎಲಾ ಇದರ, ನೀನು ಹಟಮಾರಿಯಾದರೆ ನಾನು ಈ ಅತ್ತೆಯ ಸೊಸೆ ಎಂದುಕೊಂಡು ಉಪ್ಪೇ ಇಲ್ಲದ ಬಫರ್ ದ್ರಾವಣ ಬಿಟ್ಟೆ. ಅತ್ತೆಯ ಕೈ ಮತ್ತೆ ಗುಂಡಿಯತ್ತ ಹೊರಟಿತು. ಹಿಡಿದುಕೊಂಡೆ, ಬಿಡಲಿಲ್ಲ. ನನಗೂ ಭಯವಾಗಿತ್ತು.

ಗೆರೆ ಎದ್ದಿತು.

ಹೊರಬಂದದ್ದರಲ್ಲಿ ಒಂದು ಹನಿ ತೆಗೆದು ಪರೀಕ್ಷೆಯ ದ್ರಾವಣಕ್ಕೆ ಹಾಕಿದೆ. ದ್ರಾವಣ ಹಳದಿಯಾಯಿತು. ಕಿಣ್ವ ಕೆಲಸ ಮಾಡುತ್ತಿತ್ತು.

ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ನಾಳೆ ನಂಗೆ ಈ ಕಾಲಮ್ ಕಲಿಸೇ."

"ಯಾಕೆ, ಮತ್ತೆ ಕೈ ಹಾಕೋಕಾ?"

"ಹಾಕ್ದೆ ಇರೋಕಾಗಲ್ಲ ಅಂತ ನಿಂಗೆ ಗೊತ್ತಲ್ಲ. ಅದಕ್ಕೇ ಕಲಿಸು."