ಕಲಿಸಿದವರ ಹೆಸರು

"ನನ್ನ ಹೆಸರೇನಾದ್ರೂ ಎತ್ತಿದ್ಯೋ, ಈ ಸೌಟಲ್ಲೇ ಬಾರಿಸ್ತೀನಿ," ಎಂದಳು ಜೆನೊವೇವಾ, ಬೆಂಡೆಕಾಯಿ ಬೇಯುತ್ತಿದ್ದ ಹಂಡೆಯಿಂದ ಕಣ್ಣೆತ್ತದೆ. ಎಪ್ಪತ್ತಾರರ ಮುದುಕಿ. ತಾಳೆಯೆಣ್ಣೆಯ ಹೊಗೆಗೆ ಅವಳ ಕಪ್ಪು ಮುಖ ಮಿರಮಿರ ಮಿಂಚುತ್ತಿತ್ತು.

"ಮತ್ತೆ ಯಾರ ಹೆಸರು ಹೇಳ್ಲಿ, ದೊಡ್ಡಮ್ಮ?"

"ನನ್ನ ತಮ್ಮಂದು ಹೇಳು. ಇಪ್ಪತ್ತು ವರ್ಷ ನಿನ್ನನ್ನ ನೆಲಕ್ಕೆ ಕೆಡವಿ ಕೆಡವಿ ಕಲಿಸಿಲ್ವಾ? ಇವತ್ತು ಪಟ್ಟ ಕೊಡೋನೂ ಅವನೇ. ಬೆಂಡೆಕಾಯಿ ಹೆಚ್ಚೋಳ ಹೆಸರು ಹೇಳಿ ಕೈಗೆ ಬಂದದ್ದನ್ನ ಕಳ್ಕೋಬೇಡ."

ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಡಾಲ್ವಿನಾ ಬೆರಿಂಬಾವು ಎಂಬ ಒಂಟಿತಂತಿ ವಾದ್ಯದ ಬಿಲ್ಲನ್ನು ಮೊಣಕಾಲಿನಿಂದ ಬಗ್ಗಿಸಿ ತಂತಿ ಬಿಗಿದಳು, ಬುಡದಲ್ಲಿ ಸೋರೆಬುರುಡೆ ಕಟ್ಟಿದಳು. ಅವಳಿಗೀಗ ಐವತ್ತು. ಕಾಳಗವೂ ಕುಣಿತವೂ ಆದ ಕಪೊಯೇರಾ ಆಟ ಕಲಿಸುವ ಕಷೊಯೇರಾ ಊರಿನ ಶಾಲೆಯಲ್ಲಿ ಇದುವರೆಗೆ ಯಾವ ಹೆಂಗಸೂ ಗುರುಪಟ್ಟ ಏರಿದ್ದಿಲ್ಲ. ಇನ್ನರ್ಧ ಗಂಟೆಯಲ್ಲಿ ಅವಳು ರೋಡಾದ, ಅಂದರೆ ಆಟದ ಸುತ್ತಿನ, ಒಳಗೆ ಕುಕ್ಕರುಗಾಲಲ್ಲಿ ಕೂತು ಹಾಡಬೇಕು. ಹಾಡಿನ ಕೊನೆಗೆ ದೇವರಿಗೆ ಜಯ, ಊರಿಗೆ ಜಯ, ಆಮೇಲೆ ಕಲಿಸಿದವರಿಗೆ ಜಯ. ಅಲ್ಲಿ ಸುಳ್ಳು ಹೇಳುವ ಹಾಗಿಲ್ಲ. ನಿಜ ಹೇಳಿದರೆ ಜೆನೊವೇವಾಳ ತಮ್ಮ, ಶಾಲೆಯ ಗುರು ಮೆಸ್ತ್ರೆ ಪಿಲಾಂವ್‌ಗೆ ಸಿಟ್ಟು ಬರಬಹುದು, ಸಾಲ್ವಡೋರಿನಿಂದ ಬಂದ ಅಷ್ಟು ಜನ ಮೆಸ್ತ್ರೆಗಳ ಮುಂದೆ ಪಟ್ಟ ಕೈತಪ್ಪಬಹುದು. ಮುಂಗೋಪದಲ್ಲಿ ಆ ಮನುಷ್ಯನನ್ನು ಮೀರಿಸುವವರು ನದಿಯ ಈ ದಡದಲ್ಲಂತೂ ಇರಲಿಲ್ಲ.

ಡಾಲ್ವಿನಾ ಹದಿನಾಲ್ಕರ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಬಟ್ಟೆ ಒಗೆಯಲು ಜೆನೊವೇವಾಳ ಹಿತ್ತಲಿಗೆ ಬರುತ್ತಿದ್ದಳು. ಗಂಡಸರ ಆಟ ನದೀದಂಡೆಯಲ್ಲಿ ನಡೆಯುತ್ತಿತ್ತು, ಹುಡುಗಿಯರು ಹತ್ತಿರ ಸುಳಿದರೆ ಅಟ್ಟುತ್ತಿದ್ದರು. ಒಂದು ದಿನ ಜೆನೊವೇವಾ ಬಾಗಿಲ ಸಂದಿಯಿಂದ ಹಳೆಯ ಬಿಲ್ಲೊಂದನ್ನು ಎಳೆದು ಅವಳ ಕೈಗಿಟ್ಟಳು. "ಬುರುಡೇನ ಹೊಟ್ಟೆಗೆ ಹಾಗೆ ಅವಚ್ಕೋಬೇಡ ಕಣೇ, ಅದಕ್ಕೂ ಉಸಿರು ಬೇಕು," ಎಂದಳು. ಆಮೇಲೆ ಹೆಜ್ಜೆ. ಒಣಹಾಕಿದ ಒದ್ದೆ ಹಾಸಿಗೆಬಟ್ಟೆಗಳ ನಡುವೆ ಬಾಗಿ, ತೂಗಿ, ಕಾಲು ಬೀಸಿ ಹೊರಬರಬೇಕು, ಬಟ್ಟೆಗೆ ಮೈ ಸೋಕಬಾರದು. ಸೋಕಿದರೆ ಮತ್ತೆ ಒಗೆಯುವ ಶಿಕ್ಷೆ. ಹೀಗೆ ಹದಿನಾರು ವರ್ಷ, ಯಾರಿಗೂ ಹೇಳಬಾರದೆಂಬ ಆಣೆಯ ಮೇಲೆ. ಪಿಲಾಂವ್ ಕೊನೆಗೂ ಹೆಂಗಸರಿಗೆ ಶಾಲೆಯ ಬಾಗಿಲು ತೆರೆದಾಗ, "ಕಿಟಕಿಯಿಂದ ನೋಡಿ ನೋಡಿ ಕಲಿತೆ," ಎಂದು ಅವಳು ಹೇಳಿದ್ದಳು. ಎಲ್ಲರೂ ನಂಬಿದ್ದರು.

ಅಡುಗೆಮನೆಗೆ ಹೊಂದಿಕೊಂಡ ಹಳೆಯ ಹೊಗೆಸೊಪ್ಪಿನ ಗೋದಾಮಿನಲ್ಲಿ ಜನ ಸುತ್ತುಗಟ್ಟಿ ಕೂತರು. ಎಲ್ಲಕ್ಕಿಂತ ದೊಡ್ಡ ಬುರುಡೆಯ ಬೆರಿಂಬಾವು ಪಿಲಾಂವ್ ಕೈಯಲ್ಲಿತ್ತು. ಅದು ಹೇಳಿದಂತೆ ಉಳಿದವು ಕೇಳಬೇಕು. ಡಾಲ್ವಿನಾ ಅದರ ಬುಡದಲ್ಲಿ ಕೂತು ಹಾಡಿದಳು. ದೇವರಿಗೆ ಜಯ ಎಂದಳು, ಸುತ್ತಿನವರು ಹಿಂದೆ ಹೇಳಿದರು. ಊರಿಗೆ ಜಯ ಎಂದಳು, ಹಿಂದೆ ಹೇಳಿದರು. ಮೆಸ್ತ್ರೆ ಪಿಲಾಂವ್‌ಗೆ ಜಯ ಎಂದಾಗ ಸೂರು ಹಾರುವ ಹಾಗೆ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳಿಗೆ ಆ ಒದ್ದೆ ಬಟ್ಟೆಗಳ ಸೋಪಿನ ವಾಸನೆ ಬಂದಂತಾಯಿತು.

"ಮೊದಲ ಗುರು ಜೆನೊವೇವಾಗೆ ಜಯ!"

ಯಾರೂ ಹಿಂದೆ ಹೇಳಲಿಲ್ಲ. "ಯಾರು, ಅಡುಗೆಯೋಳಾ?" ಎಂದು ಯಾರೋ ಪಿಸುಗುಟ್ಟಿದರು.

"ಇಯೇ!" ಪಿಲಾಂವ್ ಕೂಗಿದ. ಆ ಕೂಗು ಕೇಳಿದರೆ ಎಂಥ ಆಟವಾದರೂ ನಿಲ್ಲಬೇಕು. ವಾದ್ಯಗಳು ತಟ್ಟನೆ ಸುಮ್ಮನಾದವು. ಮುಗಿಯಿತು, ಎಂದುಕೊಂಡಳು ಡಾಲ್ವಿನಾ.

"ಪಿಮೆಂತಾ!" ಮೆಣಸಿನಕಾಯಿ ಎಂಬ ಆ ಅಡ್ಡಹೆಸರು ಅವಳಿಗೆ ಅವನೇ ಇಟ್ಟದ್ದು. "ತಲೆ ನೆರೆತ್ರೂ ಬುದ್ಧಿ ಬರ್ಲಿಲ್ವಲ್ಲೇ! ರೋಡಾದಲ್ಲಿ ಹೆತ್ತೋರಿಟ್ಟ ಹೆಸರು ಕೂಗ್ತಾರಾ? ನಮ್ಮಪ್ಪ ಇದ್ದಿದ್ರೆ, ಪೊಲೀಸ್ರಿಗೆ ಹಿಡಿದುಕೊಟ್ಟೆ ಅಂತ ಒದೀತಿದ್ದ. ಅಡ್ಡಹೆಸರು ಹೇಳು."

"ಅವರಿಗೆ ಅಡ್ಡಹೆಸರಿಲ್ಲ, ಮೆಸ್ತ್ರೆ. ಯಾರೂ ಇಟ್ಟಿಲ್ಲ."

"ಇಟ್ಟಿಲ್ಲ ಅಂತ ಯಾರಂದ್ರು ನಿಂಗೆ?" ಅವನು ಅಡುಗೆಮನೆಯ ಕಡೆ ತಿರುಗಿದ. "ಅಕ್ಕಾ, ನೀನೇ ಹೇಳು."

ಜೆನೊವೇವಾ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ತಳ ಹತ್ತುತ್ತೆ ಕಣೋ, ನಂಗೆ ಕೆಲಸ ಇದೆ."

"ಹತ್ಲಿ ಬಿಡು. ಹೇಳು."

"ತೇವು-ತೇವು," ಎಂದಳು ಮುದುಕಿ, ಸೌಟಿಗೇ ಹೇಳುವಂತೆ. ಹೆಜ್ಜೆ ಸಪ್ಪಳವಾದರೆ ಸಾಕು, ಅರಚಿ ಊರನ್ನೇ ಎಬ್ಬಿಸುವ ಟಿಟ್ಟಿಭ ಹಕ್ಕಿಗೆ ಆ ಕಡೆ ಅದೇ ಹೆಸರು.

ಪಿಲಾಂವ್ ಸುತ್ತಿನವರತ್ತ ನೋಡಿದ. "ಈ ಆಟ ಆಡಿದ್ರೆ ಜೈಲಿಗೆ ಹಾಕ್ತಿದ್ದ ಕಾಲ. ದೋಣಿಗೆ ಮೂಟೆ ಹೊರೋ ನಮ್ಮಪ್ಪ, ಅವನ ಜೊತೆಗಾರರು ಸೇತುವೆ ಕೆಳಗೆ ಆಡ್ತಿದ್ರು. ಮೇಲೆ ಗೋಡೆ ಮೇಲೆ ಹತ್ತು ವರ್ಷದ ಇವಳು ಬಿಲ್ಲು ಹಿಡ್ಕೊಂಡು ಕಾವಲು. ಕುದುರೆ ಪೊಲೀಸ್ರು ತಿರುವಲ್ಲಿ ಕಂಡ್ರೆ ಗೊರಸಿನ ತಾಳ ಬಾರಿಸೋಳು. ಅಷ್ಟೇ, ಎಲ್ಲರೂ ನದಿಗೆ! ನೀವೆಲ್ಲ ಆ ತಾಳ ಬಾರಿಸ್ತೀರಲ್ಲ, ಶೋಕಿಗೆ? ಇವಳು ಬಾರಿಸಿದ್ದಕ್ಕೆ ಅಪ್ಪ ಒಂದು ದಿನಾನೂ ಒಳಗೆ ಹೋಗ್ಲಿಲ್ಲ. ಹೋಗಿದ್ರೆ ನಾನೆಲ್ಲಿ, ಈ ಶಾಲೆ ಎಲ್ಲಿ?" ಅವನ ದನಿ ಇಳಿಯಿತು. "ನನ್ನ ಕೈಗೆ ಮೊದಲು ಬಿಲ್ಲು ಕೊಟ್ಟವಳೂ ಇವಳೇ. ಇಷ್ಟು ವರ್ಷ ಅಪ್ಪನ ಹೆಸರು ಹೇಳ್ಕೊಂಡೇ ತಿರುಗಿದೆ. ಗಂಡಸು ನೋಡಿ, ನಾಚಿಕೆ."

"ಕಿಟಕಿಯಿಂದ ಕಲಿತ್ಳಂತೆ!" ಅವನು ಡಾಲ್ವಿನಾಳ ಕಡೆ ತಿರುಗಿದ. "ಮೊದಲ ದಿನ ನೀನು ತಂತಿ ಮುಟ್ಟಿದಾಗಲೇ ಗೊತ್ತಾಯ್ತು, ಅದು ನಮ್ಮಕ್ಕನ ಕೈ ಅಂತ. ನೀನು ಬಾಯಿಬಿಟ್ಟೆ, ನನ್ನ ಎದೆ ಹಗುರಾಯ್ತು. ಹೂಂ, ಮೆಸ್ತ್ರಾ, ಇನ್ನೊಂದು ಸಲ ಹಾಡು."

ತನ್ನನ್ನು ಮೆಸ್ತ್ರಾ, ಅಂದರೆ ಗುರು, ಎಂದದ್ದು ಡಾಲ್ವಿನಾಳ ಕಿವಿಗೆ ಬಿತ್ತು. ಆದರೆ ಆ ಹೊತ್ತಿಗೆ ಅದು ಅವಳಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಕಣ್ಣೀರು ಒರೆಸಿಕೊಳ್ಳದೆ, ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು.

"ತೇವು-ತೇವುಗೆ ಜಯ!"

ಗೋದಾಮೆಲ್ಲ ಒಂದೇ ದನಿಯಲ್ಲಿ ಹಿಂದೆ ಹೇಳಿತು. ಬಾಗಿಲಲ್ಲಿ ನಿಂತಿದ್ದ ಜೆನೊವೇವಾಳೂ, ಎಷ್ಟೋ ವರ್ಷಗಳಿಂದ ಯಾರ್‍ಯಾರದೋ ಜಯಕ್ಕೆ ದನಿಗೂಡಿಸಿದ ಅಭ್ಯಾಸದಲ್ಲಿ, ಎಲ್ಲರ ಜೊತೆ ಬಾಯಿ ತೆರೆದು ಜಯ ಎಂದಳು. ಎಂದಮೇಲೆ ಅದು ತನ್ನದೇ ಹೆಸರೆಂದು ಹೊಳೆದು, ಸೆರಗಿನಂತೆ ಏಪ್ರನ್ನನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡಳು.