ಗೋಡೆಯಾಚೆಯ ಬೈಗುಳ

"ಅಕ್ಕಾ, ಈ ಲೈಟ್ ತೆಗೀಲಾ?" ಎಂದು ಕೇಳುತ್ತಲೇ ಹೆಣ ಇಡುವ ಐಸ್ ಪೆಟ್ಟಿಗೆ ತಂದಿದ್ದವನು ಬಿಂದುಶ್ರೀಯ ಲ್ಯಾಂಪಿನ ಪ್ಲಗ್ಗನ್ನು ಕಿತ್ತೇಬಿಟ್ಟ. ಪಡಸಾಲೆಯಲ್ಲಿದ್ದದ್ದು ಅದೊಂದೇ ಪಾಯಿಂಟು. ಹತ್ತು ವರ್ಷದಿಂದ ಅವಳು ಆ ಲ್ಯಾಂಪಿನ ಕೆಳಗೆ ಕೂತು ಊರವರ ಸೀರೆಗಳಿಗೆ ಕುಚ್ಚು ಕಟ್ಟಿದ್ದಳು. ಈಗ ಅಲ್ಲಿ ಪೆಟ್ಟಿಗೆಯ ವೈರು ಸಿಕ್ಕಿಸಿದ ಕೂಡಲೇ ಅತ್ತೆ ದೊಡ್ಡಮುನಿಯಮ್ಮನ ತಲೆಯ ಹತ್ತಿರ ಗುರ್ರೆನ್ನುವ ಸದ್ದು ಶುರುವಾಯಿತು.

ಹಿಂದಿನ ಸಂಜೆ ಯಲಹಂಕದಲ್ಲಿ ಸೊಪ್ಪು ಮಾರಿ ಕೋಗಿಲಿನ ಮನೆಗೆ ಮರಳಿದ ಮುದುಕಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಗೋಡೆಗೊರಗಿದ್ದೇ ಕೊನೆ. ಮತ್ತೆ ಮಾತಾಡಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಎಂಥ ಸಾವು ಎಂದು ಬಂದವರೆಲ್ಲ ಅದನ್ನೇ ಹೊಗಳುತ್ತಿದ್ದರು.

ಎಲ್ಲರೂ ಅಳುತ್ತಿದ್ದರು, ಸೊಸೆಯೊಬ್ಬಳನ್ನು ಬಿಟ್ಟು. ನಾದಿನಿ ನಾಗಲಕ್ಷ್ಮಿ ಎದೆ ಬಡಿದುಕೊಳ್ಳುವುದರ ನಡುವೆಯೇ ಬಗ್ಗಿ ಅವಳ ತೊಡೆ ಚಿವುಟಿದಳು. "ಒಂಚೂರು ಅಳೇ. ಜನ ನೋಡ್ತಾವ್ರೆ."

ಅಳು ಅಂದರೇನು ನಲ್ಲಿಯೇ, ತಿರುಗಿಸಿದ ಕೂಡಲೇ ಬರೋದಕ್ಕೆ? ಬಿಂದುಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಒಳಗೊಳಗೇ ಅವಳಿಗೆ ನಾಚಿಕೆಯಾಗುತ್ತಿತ್ತು. ಇವತ್ತು ಬೆಳಿಗ್ಗೆ ನಾಲ್ಕೂವರೆಗೆ ಗೋಡೆಯಾಚೆಯಿಂದ ಯಾರೂ ಬೈದಿರಲಿಲ್ಲ. ಅಬ್ಬಾ, ತಪ್ಪಿತು ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತ್ತು. ಹೆಣ ಮನೆಯಲ್ಲಿರುವಾಗ ಹಾಗೆ ಅನ್ನಿಸುವುದುಂಟೇ?

*

ಮದುವೆಯಾಗಿ ಬಂದ ಮೂರನೆಯ ಬೆಳಗ್ಗೆ ಅದು ಮೊದಲ ಸಲ ಕೇಳಿಸಿತ್ತು. ಅವಳ ಮಂಚಕ್ಕೂ ಅತ್ತೆಯ ಮಂಚಕ್ಕೂ ನಡುವೆ ನಾಲ್ಕಿಂಚಿನ ಗೋಡೆ. ಅದರಾಚೆಯಿಂದ ಅತ್ತೆಯ ದನಿ ಬಂತು.

"ಏಳೇ, ಸೋಂಬೇರಿ! ಇನ್ನೂ ಬಿದ್ದಿದ್ದೀಯಲ್ಲ, ನಾಚ್ಕೆ ಆಗಲ್ವಾ? ನಿಮ್ಮಪ್ಪ ಬಂದು ಎಬ್ಬಿಸ್ಬೇಕಾ?"

ಬಿಂದುಶ್ರೀ ಎದ್ದುಬಿದ್ದು ಹೊರಗೆ ಬಂದಳು. ಅತ್ತೆ ಅಷ್ಟರಲ್ಲಾಗಲೇ ಅಂಗಳಕ್ಕೆ ಬಂದು ಕೂತು, ದಂಟಿನ ಸೊಪ್ಪನ್ನು ಕಟ್ಟು ಕಟ್ಟುತ್ತಿದ್ದಳು. ತಲೆ ಎತ್ತಿ, "ಎದ್ದಾ?" ಎಂದಳು. ಅಷ್ಟೇ. ಆ ಒಂದು ಮಾತಿನಿಂದ ಸೊಸೆಗೆ ಎಲ್ಲವೂ ಖಾತ್ರಿಯಾಗಿಹೋಯಿತು.

ಮಾರನೆಯ ದಿನವೂ ಅದೇ, ಮುಂದಿನ ವರ್ಷವೂ ಅದೇ. ಹಗಲಿನಲ್ಲಿ ಅತ್ತೆ ಒಂದು ಬಿರುಸು ಮಾತು ಆಡಿದವಳಲ್ಲ. ಎದುರಿಗೆ ಬೆಣ್ಣೆ, ಗೋಡೆಯ ಹಿಂದೆ ಬೆಂಕಿ ಎಂದು ಬಿಂದುಶ್ರೀ ಹಲ್ಲು ಕಡಿಯುತ್ತಿದ್ದಳು. ಗಂಡ ಸುಬ್ರಮಣಿಗೆ ಹೇಳಿದರೆ ಅವನು ಮಗ್ಗುಲು ಬದಲಿಸಿ, "ಅವ್ವ ಅಂಗೇ ಕಣೇ, ತಲೆ ಕೆಡಿಸ್ಕೋಬೇಡ" ಎಂದು ಗೊರಕೆ ಹೊಡೆಯುತ್ತಿದ್ದ.

ನನ್ನನ್ನು ಸೋಂಬೇರಿ ಅಂತೀಯಾ, ತೋರಿಸ್ತೀನಿ ಇರು ಎಂದು ಅವಳು ಕುಚ್ಚು ಕಟ್ಟುವುದನ್ನು ಕಲಿತಳು. ಮೊದಲು ಬೀದಿಯವರ ಸೀರೆ, ಆಮೇಲೆ ಅಮೃತಹಳ್ಳಿಯ ಬೊಟೀಕಿನವರ ಸೀರೆ. ಬೆಳಗ್ಗೆ ಬೈಗುಳ ಬಿದ್ದ ಕೂಡಲೇ ಎದ್ದು ಲ್ಯಾಂಪು ಹಾಕಿ ಕೂತರೆ, ಸಿಟ್ಟಿಗೇ ಬೆರಳುಗಳು ಓಡುತ್ತಿದ್ದವು. ಬೋರ್ಡು ಬರೆಸಿದಳು, ಇಬ್ಬರು ಹೆಂಗಸರಿಗೆ ಕೆಲಸ ಕಲಿಸಿದಳು. ಎಲ್ಲವೂ ಆ ಗೋಡೆಯ ಮೇಲಿನ ಹಟಕ್ಕೆ.

*

ಹತ್ತು ಗಂಟೆಯ ಹೊತ್ತಿಗೆ ಮಾರಕ್ಕ ಬಂದಳು. ಯಲಹಂಕದ ಫುಟ್‌ಪಾತಿನಲ್ಲಿ ಮುನಿಯಮ್ಮನ ಪಕ್ಕದಲ್ಲೇ ಇಪ್ಪತ್ತು ವರ್ಷ ಹೂವು ಮಾರಿದವಳು. ತಂದಿದ್ದ ಸೇವಂತಿಗೆಯನ್ನೆಲ್ಲ ಪೆಟ್ಟಿಗೆಯ ಮೇಲೆ ಸುರಿದು, ಅತ್ತು ಮುಗಿಸಿ, ಬಿಂದುಶ್ರೀಯ ಪಕ್ಕ ಕುಕ್ಕರಿಸಿದಳು.

"ಇನ್ಮೇಲೆ ಮದ್ಯಾನ ಇವಳ ಬೈಗುಳ ಕೇಳ್ದೆ ನಂಗೆಂಗವ್ವ ಒತ್ತು ಓಗ್ತದೆ?"

"ನಿಮ್ಮನ್ನೂ ಬೈತಿದ್ರಾ?" ಬಿಂದುಶ್ರೀಗೆ ಒಂಥರಾ ಸಮಾಧಾನವೇ ಆಯಿತು.

"ನನ್ನನ್ಯಾಕೆ ಬೈತಾಳೆ? ಅವಳ್ನ ಅವಳೇ ಬೈಕಳೋಳು. ಒಂಚೂರು ತೂಕಡಿಕೆ ಬಂದ್ರೆ ಸಾಕು, 'ಏಳೇ ಸೋಂಬೇರಿ, ನಿಮ್ಮಪ್ಪ ಬಂದು ಎಬ್ಬಿಸ್ಬೇಕಾ' ಅಂತ ಶುರು. ಊವು ತಗಳಕ್ಕೆ ಬಂದೋರೆಲ್ಲ ನನ್ ಮುಖ ನೋಡೋರು, ಪಾಪ ಅಂತ!"

ಬಿಂದುಶ್ರೀ ಸೆರಗನ್ನು ಬಾಯಿಂದ ತೆಗೆದಳು.

"ಮನೇಲಿ ಬೆಳಗಾಗೆದ್ದೂ ಅದೇ ಅಂತಿದ್ಲಲ್ಲ," ಮಾರಕ್ಕ ಹೇಳುತ್ತಲೇ ಹೋದಳು. "ಇದೇನ್ ಉಚ್ಚು ಮುನಿಯಕ್ಕ ಅಂತ ನಾನೇ ಕೇಳ್ದೆ ಒಂದ್ಸಲ. 'ಇಟ್ಟಿಗೆ ಗೂಡಲ್ಲಿದ್ದಾಗ ಮೇಸ್ತ್ರಿ ಬೈದು ಎಬ್ಬಿಸೋನು. ಈಗ ಯಜಮಾನಿನೂ ನಾನೇ, ಆಳೂ ನಾನೇ. ನಾನ್ ಬೈಲಿಲ್ಲ ಅಂದ್ರೆ ಇವಳು ಏಳ್ತಾಳಾ?' ಅಂದ್ಲು. ಇವಳು ಅಂತ ತನ್ನೇ ತೋರ್ಸ್ಕೊಂಡು!"

ಮಾರಕ್ಕ ಅಳುತ್ತಲೇ ನಕ್ಕಳು. ಬಿಂದುಶ್ರೀ ಪೆಟ್ಟಿಗೆಯತ್ತ ತಿರುಗಿದಳು. ಹನ್ನೊಂದು ವರ್ಷ! ಆ ಸಿಟ್ಟನ್ನೆಲ್ಲ ಈಗ ಎಲ್ಲಿ ತೆಗೆದುಕೊಂಡು ಹೋಗಿ ಹಾಕುವುದು? ತನ್ನನ್ನು ಯಾರೂ ಎಬ್ಬಿಸಿರಲೇ ಇಲ್ಲವೇ? ಯಾರದೋ ಬೈಗುಳಕ್ಕೆ ತಾನು ಎದ್ದು ಕೂತಿದ್ದೇ?

ಅವಳು ಎದ್ದುಹೋಗಿ, ಗೇಟಿನ ಹತ್ತಿರ ತಮಟೆಯವರೊಡನೆ ಮಾತಾಡುತ್ತಿದ್ದ ಸುಬ್ರಮಣಿಯ ತೋಳು ಹಿಡಿದಳು. "ಅತ್ತೆ ಬೆಳಗ್ಗೆ ಬೈತಿದ್ದಿದ್ದು ತಮ್ಮನ್ನ ತಾವೇ ಅಂತ ನಿಂಗೆ ಗೊತ್ತಿತ್ತಾ?"

ಅವನ ಕಣ್ಣು ಕೆಂಪಾಗಿತ್ತು. "ಊರಿಗೇ ಗೊತ್ತಲ್ಲೇ. ನಾನೇಳಿರ್ಲಿಲ್ವಾ, ಅವ್ವ ಅಂಗೇ ಅಂತ?"

ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದಳು. ಇವತ್ತು ಅವನ ತೋಳು ಬಿಟ್ಟು ಒಳಗೆ ಬಂದಳು. ಬರುವಾಗ ಹೊಸ್ತಿಲ ಮೇಲೆ ಇನ್ನೊಂದು ನೆನಪು ಬಂದು ಅವಳ ಕಾಲು ಹಿಡಿಯಿತು. ಬೈಗುಳ ತನ್ನದಲ್ಲವೆಂದರೆ, ಆ ಒಂದು ದಿನದ ಮಾತು?

*

ಆರು ವರ್ಷದ ಹಿಂದಿನ ಶ್ರಾವಣ. ಒಂದೇ ಮದುವೆಮನೆಯ ನಲವತ್ತು ಸೀರೆಗಳು. ಬಿಂದುಶ್ರೀ ಹನ್ನೆರಡು ದಿನ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಕೊನೆಯ ಸೀರೆ ಮುಗಿಸಿ, ಗಂಟು ಕಟ್ಟಿ ಕಳಿಸಿದ ಮಾರನೆಯ ಬೆಳಗ್ಗೆ, ಅಭ್ಯಾಸಬಲದಿಂದ ನಾಲ್ಕೂವರೆಗೇ ಎಚ್ಚರವಾಗಿ ಬೈಗುಳಕ್ಕೆ ಕಾದಳು. ಗೋಡೆ ತುಂಬ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ದನಿ ಬಂತು.

"ಪರ್ವಾಗಿಲ್ಲ ಕಣೇ. ಚೆನ್ನಾಗ್ ಮಾಡ್ದೆ. ಇವತ್ತೊಂದಿನ ಮಲಿಕ್ಕೋ."

ಅವಳು ಹೊದಿಕೆಯೊಳಗೆ ಬಿಕ್ಕಿ ಬಿಕ್ಕಿ ಅತ್ತಿದ್ದಳು. ತವರಿನಲ್ಲಾಗಲಿ ಇಲ್ಲಾಗಲಿ, ನೀನು ಚೆನ್ನಾಗಿ ಮಾಡಿದೆ ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ಆಮೇಲೆ ಎಷ್ಟೋ ಸಲ ಆರ್ಡರು ವಾಪಸ್ಸು ಬಂದಾಗ, ಬೆರಳು ನೊಂದಾಗ, ಎಲ್ಲ ಬಿಟ್ಟುಬಿಡೋಣ ಅನ್ನಿಸಿದಾಗ, ಆ ಮಾತನ್ನು ನೆನೆದುಕೊಂಡೇ ಸೂಜಿಗೆ ದಾರ ಪೋಣಿಸಿದ್ದಳು.

*

"ಮಾರಕ್ಕ," ಅವಳು ಹತ್ತಿರ ಕೂತು ಕೇಳಿದಳು. "ಬೈಕೊಳ್ಳೋದು ಒಂದೇನಾ? ಹೊಗಳ್ಕೊಳ್ತಾನೂ ಇದ್ರಾ?"

"ಓ! ಸೊಪ್ಪೆಲ್ಲ ಖಾಲಿಯಾದ್ ದಿನ 'ಪರ್ವಾಗಿಲ್ಲ ಕಣೇ, ಚೆನ್ನಾಗ್ ಮಾಡ್ದೆ' ಅಂತ ಅವಳ ಬೆನ್ನು ಅವಳೇ ತಟ್ಕಳೋಳು. ಕೈ ಎಟಕ್ತಿರ್ಲಿಲ್ಲ, ನಂಗೆ ನಗು."

ಅದೇ ಮಾತು, ಅಕ್ಷರ ಬಿಡದೆ ಅದೇ! ಬೈಗುಳ ಹೋದರೆ ಹೋಗಲಿ, ಪೀಡೆ. ಇದೂ ಹೋಗಬೇಕೇ? ಬದುಕಿನಲ್ಲಿ ಸಿಕ್ಕಿದ್ದ ಒಂದೇ ಒಂದು ಶಹಬ್ಬಾಸನ್ನೂ ಬೇರೆಯವರದೆಂದು ವಾಪಸ್ಸು ಕೊಟ್ಟುಬಿಡಬೇಕೇ?

"ಇವತ್ತು ಮಲಿಕ್ಕೋ ಅಂತ?"

"ಮಲಗೋ ಮಾತು ಅವಳ ಬಾಯಲ್ಲಿ ಬರೋದಾ? ನಾ ಕಾಣೆನವ್ವ." ಮಾರಕ್ಕ ಯೋಚಿಸಿದಳು. "ಕಾಲ್ ಮುರ್ಕೊಂಡಾಗ್ಲೇ ನೋಡು ಅವಳು ಮಲಗಿದ್ದು. ಒಂದೂವರೆ ತಿಂಗಳು. ಆ ಜಾಗಕ್ಕೆ ಗೋಣಿಚೀಲ ಹಾಸ್ಕೊಂಡು ನಾನೇ ಕಾಯ್ಕೊಂಡಿದ್ದೆ."

"ಅದು ಯಾವ ವರ್ಷ?"

"ವರ್ಷ ಎಲ್ಲಿ ಗ್ಯಾಪ್ಕ ಇರ್ತದೆ? ಶ್ರಾವಣ ಅನ್ನೋದು ನಿಜ. ಊವಿನ ರೇಟು ಆಕಾಶಕ್ಕೋಗಿತ್ತು."

ಬಿಂದುಶ್ರೀ ಕಣ್ಣು ಮುಚ್ಚಿಕೊಂಡಳು. ನಲವತ್ತು ಸೀರೆಯ ಗಂಟನ್ನು ಹೊರಗೆ ಸಾಗಿಸುವಾಗ ಬಾಗಿಲಿಗೆ ಅಡ್ಡ ಏನೋ ಇತ್ತಲ್ಲ? ಏನೋ ಬೆಳ್ಳಗೆ. ಹೌದು, ಪ್ಲಾಸ್ಟರು! ಅತ್ತೆ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ತಾನು ಗಂಟನ್ನು ಆ ಕಾಲಿನ ಮೇಲಿಂದ ಎತ್ತಿ ದಾಟಿಸಿದ್ದಳು. ಹಾಗಾದರೆ ಅದರ ಹಿಂದಿನ ದಿನ ಅತ್ತೆ ಮಾರಿದ ಸೊಪ್ಪು ಯಾವುದು? ತಿಂಗಳಿಂದ ಮಲಗಿದ್ದವಳು, ಇವತ್ತೊಂದು ದಿನ ಮಲಗು ಎಂದು ತನಗೇ ಹೇಳಿಕೊಳ್ಳುತ್ತಾಳೆಯೇ? ಅಥವಾ ನೋವಿನಲ್ಲಿ ಹೇಳಿಕೊಂಡಿದ್ದರೂ ಹೇಳಿಕೊಂಡಿರಬಹುದು. ಗೋಡೆಯ ಈಚೆ ಒಬ್ಬಳು ಎದ್ದು ಕಾಯುತ್ತಿದ್ದಾಳೆಂದು ಅತ್ತೆಗೆ ಗೊತ್ತಿತ್ತೇ? ಎಲ್ಲ ಗೋಜಲು. ಕೇಳೋಣವೆಂದರೆ ಹೇಳುವವಳು ಪೆಟ್ಟಿಗೆಯೊಳಗಿದ್ದಳು.

"ಎತ್ತೋ ಒತ್ತಾಯ್ತು, ಬಾಯಿಗಕ್ಕಿ ಹಾಕೋರು ಬನ್ರಮ್ಮ!" ಎಂದು ಯಾರೋ ಕೂಗಿದರು.

ದೇಹವನ್ನು ಅಂಗಳಕ್ಕೆ ತಂದು ಮಲಗಿಸಿದ್ದರು. ಮಗ ಹಾಕಿದ, ಮಗಳು ಹಾಕಿದಳು. ಬಿಂದುಶ್ರೀ ನಾಲ್ಕು ಅಕ್ಕಿಕಾಳು ಹಿಡಿದು ಮಂಡಿಯೂರಿದಳು. ಸೊಪ್ಪಿನ ಕಲೆಯಿಂದ ಅತ್ತೆಯ ಬೆರಳ ತುದಿಗಳು ಇನ್ನೂ ಹಸಿರಾಗಿಯೇ ಇದ್ದವು. ಅಕ್ಕಿಯನ್ನು ತುಟಿಗಿಟ್ಟಳು. ಆಮೇಲೆ ಅವಳ ಗಂಟಲಿನಿಂದ, ಅವಳದೇ ಅಲ್ಲದ ದನಿಯೊಂದು ಸ್ಪಷ್ಟವಾಗಿ ಹೊರಬಂತು.

"ಪರ್ವಾಗಿಲ್ಲ ಕಣೇ. ಚೆನ್ನಾಗ್ ಮಾಡ್ದೆ. ಇವತ್ತೊಂದಿನ ಮಲಿಕ್ಕೋ."

ನಾಗಲಕ್ಷ್ಮಿ ಅವಳ ರಟ್ಟೆ ಹಿಡಿದೆಳೆದಳು. "ಅತ್ತೇನ ಕಣೇ ಅಂತೀಯಾ? ಯಾರ್ಗೇ ಹಂಗಂದಿದ್ದು ನೀನು?"

"ಗೊತ್ತಿಲ್ಲ," ಎಂದಳು ಬಿಂದುಶ್ರೀ. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. "ನಿಜವಾಗ್ಲೂ ಗೊತ್ತಿಲ್ಲ ನಾಗಕ್ಕ."

ತಮಟೆಯ ಸದ್ದು ಬೀದಿಯ ತಿರುವಿನಾಚೆ ಸಣ್ಣದಾಯಿತು. ಹೆಂಗಸರು ಪಡಸಾಲೆಗೆ ನೀರು ಸುರಿದು ತೊಳೆಯತೊಡಗಿದರು. ಪೆಟ್ಟಿಗೆಯವನು ತನ್ನ ವೈರನ್ನು ಸುತ್ತಿಕೊಂಡು, ನೆಲದ ಮೇಲೆ ಬಿದ್ದಿದ್ದ ಲ್ಯಾಂಪಿನ ಪ್ಲಗ್ಗನ್ನು ನೀರು ತಾಗದ ಹಾಗೆ ಎತ್ತಿ, ಇದ್ದ ಜಾಗಕ್ಕೇ ಮತ್ತೆ ಸಿಕ್ಕಿಸಿದ. ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ. ಗೋಡೆಯ ಗೂಟಕ್ಕೆ ಬಿಗಿದು ಅರ್ಧ ಕುಚ್ಚು ಕಟ್ಟಿದ್ದ ಹಳದಿ ಸೀರೆಯ ಮೇಲೆ, ಉರಿಬಿಸಿಲಿನ ಹೊತ್ತಿನಲ್ಲೇ, ಲ್ಯಾಂಪು ಹೊತ್ತಿಕೊಂಡಿತು.